ಮೊಂಡಿ ದಾರಿ ಬಿಡಲಿಲ್ಲ

ಅವಳಿಗೆ ಮೊಂಡಿ ಎಂದು ಹೆಸರಿಟ್ಟವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ. ಲಾಯದ ಕೆಲಸದವರು ತಮ್ಮ ತಮ್ಮಲ್ಲೇ ಹಾಗೆ ಕರೆದುಕೊಳ್ಳುತ್ತಿದ್ದರು. ಒಂದು ದಿನ ಅದು ಅವಳ ಕಿವಿಗೂ ಬಿತ್ತು. ಸಿಟ್ಟಾಗುತ್ತಾಳೆಂದು ಎಲ್ಲರೂ ಉಸಿರು ಬಿಗಿಹಿಡಿದು ನಿಂತರೆ ಅವಳು, "ಕರೆಯೋದಾದ್ರೆ ಎದುರಿಗೇ ಕರೀರಿ. ಹಿಂದಿನಿಂದ ಕರೆದ್ರೆ ಕುದುರೆ ಬೆದರುತ್ತೆ" ಎಂದು ಹೇಳಿ ಸಗಣಿ ಬಾಚುವ ಸಲಿಕೆ ಎತ್ತಿಕೊಂಡು ಹೋದಳು. ಅಂದಿನಿಂದ ಹೆಸರು ಗಟ್ಟಿಯಾಯಿತು.

ನಲವತ್ತೇಳು ದಾಟಿದರೂ ಅವಳು ಕುದುರೆ ಹಾರಿಸುವುದನ್ನು ಬಿಟ್ಟಿರಲಿಲ್ಲ. ಅಂಗಳದಲ್ಲಿ ಎದೆಯೆತ್ತರಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ, ಬಣ್ಣ ಬಳಿದ ಮರದ ಕೋಲುಗಳನ್ನು ಅಡ್ಡಡ್ಡ ಜೋಡಿಸಿ ತಡೆ ಕಟ್ಟಿರುತ್ತಾರೆ. ಒಂದಾದ ಮೇಲೊಂದು, ಹೇಳಿದ ಕ್ರಮದಲ್ಲಿ, ಹೇಳಿದ ಹೊತ್ತಿನೊಳಗೆ ಹಾರಬೇಕು. ಕೋಲೊಂದು ಉರುಳಿದರೆ ನಾಲ್ಕು ತಪ್ಪಂಕ, ತಪ್ಪಂಕ ಕಡಿಮೆಯಿದ್ದವರು ಮುಂದೆ. ಬಿದ್ದರೆ ಅಲ್ಲಿಗೆ ಮುಗಿಯಿತು, ಮನೆಗೆ ನಡೆ. ಇದು ಇಪ್ಪತ್ತರ ಹರೆಯದವರ ಆಟವೆಂದು ಸುತ್ತಲಿನವರ ನಂಬಿಕೆ. ಆ ನಂಬಿಕೆಗೆ ಬೆಂಬಲವೆಂಬಂತೆ ಎರಡು ವರ್ಷದ ಹಿಂದೆ ಒಂದು ಗಂಡು ಕುದುರೆ ಅವಳನ್ನು ಕೆಡವಿ ಅವಳ ಮೇಲೆಯೇ ಉರುಳಿತ್ತು. ಸೊಂಟದ ಮೂಳೆ ಮುರಿಯಿತು. ಮೂಳೆ ಡಾಕ್ಟರು, "ಇನ್ನು ಮೇಲೆ ಕುರ್ಚಿ ಮೇಲೆ ಹುಷಾರಾಗಿ ಕೂತ್ರೆ ಸಾಕಮ್ಮ" ಎಂದರು. ಅವಳು ವರ್ಷ ಕಳೆದ ಮೇಲೆ ಅವರ ಬಳಿ ಹೋಗಿ, "ಕುರ್ಚಿ ಮೇಲೆ ಕೂತ್ರೆ ನೋಯುತ್ತೆ ಡಾಕ್ಟ್ರೇ, ಜೀನಿನ ಮೇಲೆ ಕೂತ್ರೆ ನೋಯಲ್ಲ. ಏನ್ಮಾಡ್ಲಿ?" ಎಂದು ಕೇಳಿದಳು. ಅವರು ಕೈಮುಗಿದು ಕಳಿಸಿದರು.

ಅವಳ ಕುದುರೆಗೆ ಕತ್ತೆ ಎಂದು ಹೆಸರು. ಹೆಣ್ಣು ಕುದುರೆ; ಬೂದು ಮೈ, ಉದ್ದುದ್ದ ಜೋಲುಕಿವಿ. ಹಾರುವುದೆಂದರೆ ನೆಲಕ್ಕೆ ಕಾಲು ನೆಟ್ಟು ನಿಂತುಬಿಡುತ್ತಿತ್ತು. ಮೂರು ಜನ ಸವಾರರು ಅದರ ಸಹವಾಸ ಸಾಕೆಂದು ಕೈ ಚೆಲ್ಲಿದ್ದರು. ಮೊಂಡಿ ಮತ್ತು ಕತ್ತೆ ಒಂದನ್ನೊಂದು ಕಂಡಾಗ ಲಾಯದಲ್ಲಿ ಎಲ್ಲರೂ ನಕ್ಕದ್ದೇ ನಕ್ಕದ್ದು. ಈಗ ಯಾರು ಮೊದಲು ಸೋಲುತ್ತಾರೆ ನೋಡೋಣ ಎಂದರು. ಯಾರೂ ಸೋಲಲಿಲ್ಲ. ಐದು ವರ್ಷದಲ್ಲಿ ಆ ಜೋಲುಕಿವಿಯ ಪ್ರಾಣಿ ದೇಶದ ಹತ್ತು ಒಳ್ಳೆಯ ಹಾರುಗುದುರೆಗಳಲ್ಲಿ ಒಂದೆನಿಸಿಕೊಂಡಿತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಯಾರೂ ಮೂಸಿ ನೋಡದ ಕುದುರೆಯ ಮೇಲೆ ಈಗ ಎಲ್ಲರ ಕಣ್ಣು ಬಿತ್ತು.

ಮನೆ ಗಂಡನ ಕನ್ನಡಕದ ಅಂಗಡಿಯ ಮೇಲೆ. ಮೆಟ್ಟಿಲ ಮೇಲೆ ಯಾವಾಗಲೂ ಇಬ್ಬರ ಬೂಟುಗಳು, ತಾಯಿಯದೊಂದು ಜೊತೆ, ಅವಳಂತೆಯೇ ಕುದುರೆ ಹಾರಿಸುವ ಮಗಳದೊಂದು ಜೊತೆ. ಕನ್ನಡಕ ಕೊಳ್ಳಲು ಬಂದವರು ಮೂಗು ಅರಳಿಸಿ "ಇಲ್ಲೆಲ್ಲೋ ದನದ ಕೊಟ್ಟಿಗೆ ಇದೆಯಾ?" ಎಂದು ಕೇಳುತ್ತಿದ್ದರು. "ಇದೆ, ಮೇಲ್ಗಡೆ, ನನ್ನ ಸಂಸಾರ" ಎನ್ನುತ್ತಿದ್ದ ಗಂಡ. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಈ ಮನುಷ್ಯ ಹೆಂಡತಿ ತಡೆಯತ್ತ ಓಡುವಾಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಹಾರಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಜನ ಚಪ್ಪಾಳೆ ಹೊಡೆದದ್ದನ್ನು ಮಾತ್ರ ಕೇಳಿದ್ದ.

ಪಂದ್ಯಗಳ ಹಂಗಾಮು ಶುರುವಾಗುವುದಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಸವಾರರ ಸಂಘದ ತಂಡದ ತರಬೇತುದಾರರು ಮನೆಗೆ ಬಂದರು. ತುಟಿಯ ಮೇಲೆ ಸದಾ ಯಾವುದಾದರೊಂದು ರಾಗದ ಸೀಟಿ ಇರುತ್ತಿದ್ದುದರಿಂದ ಅವರು ಎಲ್ಲರಿಗೂ ಸೀಟಿ ಮೇಷ್ಟ್ರು. ಅಂದು ಸೀಟಿ ಇರಲಿಲ್ಲ. ಚಹಾ ಲೋಟ ಹಿಡಿದು ಸುತ್ತಿ ಬಳಸಿ ಮಾತು ತೆಗೆದರು.

"ನೋಡಮ್ಮ, ಈ ಸಲ ನಾಲ್ಕು ದೊಡ್ಡ ಪಂದ್ಯ. ಕೊನೇದು ತಂಡಗಳದ್ದು. ಕತ್ತೆಯಂಥ ಕುದುರೆ ಮತ್ತೆ ಮತ್ತೆ ಸಿಗಲ್ಲ."

"ಗೊತ್ತು ಮೇಷ್ಟ್ರೇ. ನಾನೇ ಸಾಕಿದ್ದಲ್ವಾ?"

"ಅದಕ್ಕೇ ಹೇಳ್ತಿರೋದು. ಮಗಳು ಈಗ ತಯಾರಾಗಿದ್ದಾಳೆ. ಮೈಯೂ ಹಗುರ, ಕೈಯೂ ಹಗುರ. ಕತ್ತೆ ಮೇಲೆ ಅವಳು ಕೂತು, ನೀವು ಪಕ್ಕದಲ್ಲಿ ನಿಂತು ಹೇಳಿಕೊಟ್ರೆ... ತಾಯಿಗೆ ಅದಕ್ಕಿಂತ ಇನ್ನೇನು ಬೇಕು?"

ಮೊಂಡಿ ಲೋಟ ಕೆಳಗಿಟ್ಟಳು. "ನಿಮಗೀಗ ವಯಸ್ಸೆಷ್ಟು ಮೇಷ್ಟ್ರೇ?"

"ಅರವತ್ತೆರಡು. ಯಾಕೆ?"

"ನಿಮ್ಮ ಮಗನೂ ತಯಾರಾಗಿದ್ದಾನಲ್ಲ. ಸೀಟಿ ಅವನಿಗೆ ಕೊಡೋದು ಯಾವಾಗ?"

ಮೇಷ್ಟ್ರ ಮುಖ ಹುಳ್ಳಗಾಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅಷ್ಟೂ ಹೊತ್ತು ಮಗಳು ಕಿಟಕಿಯ ಬಳಿ ಜೀನಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು, ತುಟಿ ಪಿಟಕ್ಕೆಂದಿರಲಿಲ್ಲ. ಆ ಮೌನ ಮೊಂಡಿಗೆ ಮೇಷ್ಟ್ರ ಮಾತಿಗಿಂತ ಹೆಚ್ಚು ಚುಚ್ಚಿತು.

"ನಿಂಗೆ ಮೊದಲೇ ಗೊತ್ತಿತ್ತೇನೇ?"

"ಗೊತ್ತಿತ್ತು."

"ನೀನೇ ಕೇಳಿದ್ಯಾ?"

ಮಗಳು ಎಣ್ಣೆಬಟ್ಟೆ ಮಡಿಚಿಟ್ಟಳು. "ಕೊಡಿ ಅಂತ ನಾನು ಕೇಳಿಲ್ಲಮ್ಮ. ಆದ್ರೆ ಬೇಡ ಅಂತಾನೂ ಹೇಳಿಲ್ಲ."

ಸುಳ್ಳು ಹೇಳದ ಹುಡುಗಿ. ಅದು ಮೊಂಡಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ಸಿಟ್ಟೂ ಬಂತು. "ಹಾಗಾದ್ರೆ ಕೇಳ್ಸ್ಕೋ. ನನ್ನ ಬಳೆ ಬೇಕಾ, ತಗೋ. ನನ್ನ ತಟ್ಟೆಯಲ್ಲಿರೋ ಅನ್ನ ಬೇಕಾ, ತಗೋ. ರಕ್ತ ಬೇಕು ಅಂದ್ರೆ ಈಗ್ಲೇ ತೋಳು ಚಾಚ್ತೀನಿ. ಕುದುರೆ ಮಾತ್ರ ಕೊಡಲ್ಲ."

"ಆಯ್ತು" ಎಂದು ಮಗಳು ಎದ್ದು ಹೋದಳು. ಕೋಣೆಯ ಬಾಗಿಲು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಮುಚ್ಚಿತು.

ಸುದ್ದಿಗೆ ಕಾಲು ಬೇಕೇ? ಸಂಜೆಯೊಳಗೆ ಮೊಂಡಿಯ ಅಕ್ಕ ಫೋನ್ ಮಾಡಿದಳು. "ಹೆತ್ತ ಮಗಳ ಕಾಲಿಗೇ ಅಡ್ಡ ಬರ್ತೀಯಲ್ಲೇ. ತಾಯಿ ಅಂದ್ರೆ ತಾನು ಕರಗಿ ಮಕ್ಕಳಿಗೆ ಬೆಳಕು ಕೊಡ್ಬೇಕು."

"ಅದು ಮೇಣದಬತ್ತಿ ಅಕ್ಕ, ನಾನಲ್ಲ" ಎಂದು ಮೊಂಡಿ ಫೋನ್ ಇಟ್ಟಳು. ಇಟ್ಟ ಮೇಲೆ ಎಷ್ಟೋ ಹೊತ್ತು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅಕ್ಕ ಹೇಳಿದ್ದು ಸರಿಯಿದ್ದರೆ? ಎಂಬ ಪ್ರಶ್ನೆ ಬಾರದೆ ಇರಲಿಲ್ಲ, ಬಂತು. ಬೆಳಗಿನ ಜಾವದ ಚಳಿಯಲ್ಲಿ ಐದು ವರ್ಷ ಆ ಕುದುರೆಯ ಜೊತೆ ಜಗಳವಾಡಿದ್ದು ತಾನು. ಅದು ಕಿವಿ ಹೇಗೆ ತಿರುಗಿಸಿದರೆ ಏನರ್ಥ ಎಂದು ಕಲಿತದ್ದು ತಾನು. ಇನ್ನೂ ಹಾರಬಲ್ಲೆ ಎಂದು ಮೈ ಹೇಳುತ್ತಿರುವಾಗ, ಹಾರಲಾರೆ ಎಂದು ನಟಿಸುವುದು ಯಾವ ಸೀಮೆಯ ತ್ಯಾಗ? ಅದು ಸುಳ್ಳು. ಮಗಳಿಗೆ ಸುಳ್ಳನ್ನು ಬಳುವಳಿ ಕೊಡಲಾರೆ ಎಂದುಕೊಂಡಳು.

ಕುದುರೆಯ ನಿಜವಾದ ಒಡತಿ ಬೇರೆ. ಊರಂಚಿನ ಮರದ ಅಡ್ಡೆಯ ಯಜಮಾನಿ, ಎಂಬತ್ತು ದಾಟಿದವಳು, ಎಲ್ಲರ ಬಾಯಲ್ಲಿ ಟಿಂಬರ್ ಅಜ್ಜಿ. ಜೀವಮಾನವಿಡೀ ಗರಗಸದ ಸದ್ದಿನ ನಡುವೆ ಕಳೆದು ಕಿವಿ ಮಂದವಾಗಿತ್ತು, ಬಾಯಿ ದೊಡ್ಡದಾಗಿತ್ತು. ಮೇಷ್ಟ್ರು ಅವಳ ಬಳಿಗೂ ಹೋದರು. ಅಜ್ಜಿ ಆಳು ಕಳಿಸಿ ಮೊಂಡಿಯನ್ನೂ ಕರೆಸಿ ಇಬ್ಬರನ್ನೂ ದಿಮ್ಮಿಗಳ ರಾಶಿಯ ಮುಂದೆ ನಿಲ್ಲಿಸಿಕೊಂಡಳು.

"ಏನಯ್ಯ, ಇವಳಿಗೆ ವಯಸ್ಸಾಯ್ತು ಅಂತೀಯ?" ಎಂದು ಕೂಗಿದಳು. "ನನ್ನ ಮುಂದೆ ನಿಂತು ವಯಸ್ಸಿನ ಮಾತಾಡ್ತೀಯಲ್ಲ, ಎಷ್ಟು ಧೈರ್ಯ ನಿಂಗೆ! ಈ ಕತ್ತೇನ ಮಾರಿಬಿಡಿ ಅಂದೋನು ನೀನೇ ತಾನೇ?"

ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಗೊಣಗಿದರು. ಅಜ್ಜಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.

"ಈ ಸೀಸನ್ ಇವಳದು. ಆಮೇಲಿಂದು ಆಮೇಲೆ." ಅಜ್ಜಿ ಮೊಂಡಿಯತ್ತ ತಿರುಗಿದಳು. "ನಿಂಗೂ ಹೇಳ್ತೀನಿ ಕೇಳು. ನಿನ್ನ ಹಠಕ್ಕೆ ಆ ಮೂಕಪ್ರಾಣಿಗೆ ಏಟಾಯ್ತೋ, ನಿನ್ನ ಕಾಲು ಮುರೀತೀನಿ."

"ಮುರಿಯೋಕೆ ಜಾಸ್ತಿ ಉಳಿದಿಲ್ಲ ಅಜ್ಜಿ, ಬೇಗ ಮುಗಿಯುತ್ತೆ."

ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಇಷ್ಟು ಎದೆ ತಟ್ಟಿಕೊಂಡು ಹೋದವಳು ಮೊದಲ ಪಂದ್ಯದಲ್ಲಿ ಬಿದ್ದಳು. ಅದೂ ಸುಮ್ಮನೆ ಬಿದ್ದದ್ದಲ್ಲ. ಅಂಗಳದ ಆಚೆ ಬದಿಯಲ್ಲಿ ಅಗಲವಾದ ನೀರಿನ ಹೊಂಡ, ಅದನ್ನು ಉದ್ದಕ್ಕೆ ಹಾರಬೇಕು. ಕತ್ತೆ ಒಳ್ಳೆಯ ಓಟದಲ್ಲಿ ಬಂದು ಕೊನೆಯ ಗಳಿಗೆಯಲ್ಲಿ ತನ್ನ ಹಳೆಯ ಬುದ್ಧಿ ತೋರಿಸಿತು; ನಾಲ್ಕೂ ಕಾಲು ನೆಟ್ಟು ನಿಂತಿತು. ಕುದುರೆ ನಿಂತರೂ ಮೊಂಡಿ ನಿಲ್ಲಲಿಲ್ಲ. ಆ ಉದ್ದನೆಯ ಎರಡು ಕಿವಿಗಳ ನಡುವಿನಿಂದ ಹಾರಿಹೋಗಿ ನೀರಿನಲ್ಲಿ ಕೂತಳು. ಪ್ರೇಕ್ಷಕರು ಮೊದಲು ಹೌಹಾರಿದರು, ಅವಳು ಎದ್ದು ನಿಂತ ಮೇಲೆ ನಕ್ಕರು. ಕತ್ತೆ ದಡದಲ್ಲಿ ನಿಂತು ಇವಳೇನು ಮಾಡುತ್ತಿದ್ದಾಳೆ ಎಂಬಂತೆ ಬಗ್ಗಿ ನೋಡಿತು.

ನೀರು ಸೋರುವ ಬೂಟಿನಲ್ಲಿ ಹೊರಬಂದಾಗ ಪತ್ರಿಕೆಯವನೊಬ್ಬ ಕೇಳಿದ, "ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತೀರಾ ಮೇಡಂ?"

"ಮೀಸೆ ಇರೋರು ಹೇಳೋ ಮಾತಪ್ಪ ಅದು. ನಾನು ಬಿದ್ದಿದೀನಿ, ಪೂರ್ತಿ ಬಿದ್ದಿದೀನಿ, ಬರ್ಕೋ. ಮುಂದಿನ ತಿಂಗಳೂ ಬರ್ತೀನಿ, ಅದನ್ನೂ ಬರ್ಕೋ."

ಅವನು ಮೊದಲಿನದನ್ನು ಮಾತ್ರ ಬರೆದ.

ಅದೇ ಪಂದ್ಯದಲ್ಲಿ ಮಗಳು ತನ್ನ ಕುದುರೆಯ ಮೇಲೆ ಒಂದೇ ಕೋಲು ಬೀಳಿಸಿ ಸುತ್ತು ಮುಗಿಸಿದಳು. ಅದು ಕಂದು ಬಣ್ಣದ ದಪ್ಪ ಗಂಡು, ಹೆಸರು ಸೋಮಾರಿ. ಅದನ್ನು ಅಷ್ಟು ದೂರ ಕೊಂಡೊಯ್ದದ್ದೇ ಒಂದು ಸಾಹಸ. ಎಲ್ಲರೂ ಒಂದೇ ಲೆಕ್ಕ ಹಾಕಿದರು: ಸೋಮಾರಿಯ ಮೇಲೇ ಹೀಗಾದರೆ, ಕತ್ತೆಯ ಮೇಲೆ ಹೇಗಿರುತ್ತಿತ್ತು!

ಮನೆಯಲ್ಲಿ ಗಂಡ ಮೊಣಕಾಲೂರಿ ಕೂತು ಅವಳ ಒದ್ದೆ ಬೂಟು ಎಳೆಯುತ್ತಿದ್ದ. ಸೊಂಟದ ನೋವಿಗೆ ಅವಳಿಗೆ ಬಗ್ಗಲಾಗುತ್ತಿರಲಿಲ್ಲ.

"ಬಿಟ್ಟುಬಿಡ್ತೀಯಾ?" ಎಂದ ಮೆಲ್ಲಗೆ.

"ಏನನ್ನ, ಬೂಟನ್ನಾ?"

"ಅಲ್ಲ."

"ಹಾಗಾದ್ರೆ ಮಾತು ಬಿಟ್ಟು ಬೂಟು ಎಳೀರಿ."

ಅವನು ಎಳೆದ. ಬೂಟು ಬಂತು, ಜೊತೆಗೆ ಅರ್ಧ ಲೋಟ ನೀರೂ ಬಂತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಮಗಳು ನಗಲಿಲ್ಲ.

ಲಾಯದ ಹಿಂದಿನ ಬಯಲಿನಲ್ಲಿ ಮೊಂಡಿ ಒಂದು ಹೊಂಡ ತೋಡಿದಳು. ಪ್ಲಾಸ್ಟಿಕ್ ಹಾಳೆ ಹಾಸಿ, ಮೆದುಗೊಳವೆ ಎಳೆದು ನೀರು ತುಂಬಿಸಿದಳು. ದಿನಾ ಬೆಳಿಗ್ಗೆ ಕತ್ತೆಯನ್ನು ಅದರತ್ತ ಓಡಿಸುತ್ತಿದ್ದಳು. ಕತ್ತೆ ಒಂದು ದಿನ ಹಾರುತ್ತಿತ್ತು, ಎರಡು ದಿನ ನಿಲ್ಲುತ್ತಿತ್ತು. ಮೊಂಡಿ ಬೈಯುತ್ತಿದ್ದಳು, ಮುದ್ದಿಸುತ್ತಿದ್ದಳು, ನೆಲ ಜಾರುತ್ತದೆ ಎನ್ನುತ್ತಿದ್ದಳು, ಹೊಂಡದ ನೀಲಿ ಹಾಳೆಯೇ ಸರಿಯಿಲ್ಲ ಎನ್ನುತ್ತಿದ್ದಳು.

ಮನೆಯಲ್ಲಿ ತಾಯಿ ಮಗಳ ಮಾತು "ಉಪ್ಪು ಕೊಡು", "ಬಾಗಿಲು ಹಾಕ್ಕೋ" ಎಂಬಲ್ಲಿಗೆ ನಿಂತಿತ್ತು. ಒಂದು ಬೆಳಿಗ್ಗೆ ಸೋಮಾರಿಗೆ ಜೀನು ಬಿಗಿಯುತ್ತಿದ್ದ ಮಗಳು ಬೇಲಿಯ ಆಚೆಯಿಂದ ಎಲ್ಲವನ್ನೂ ನೋಡಿ ತಡೆಯಲಾರದೆ ಕೂಗಿದಳು.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ! ಹಾಳೆನಾ ಯಾಕಮ್ಮ ಬೈತೀಯಾ?"

"ಹಾಗಾದ್ರೆ ಯಾರನ್ನೇ ಬೈಲಿ?"

"ನಿನ್ನನ್ನೇ ಬೈಕೋ. ನೀನು ನೀರು ನೋಡ್ತೀಯ. ಆಚೆ ದಡ ನೋಡಲ್ಲ. ನಿನ್ನ ತಲೆ ಕೆಳಗೆ ಹೋದ ಕೂಡ್ಲೇ ಅದಕ್ಕೆ ಗೊತ್ತಾಗುತ್ತೆ. ಕತ್ತೆ ಹೆದರ್ತಿಲ್ಲ, ನೀನು ಹೆದರ್ತಿದೀಯಾ."

ಮೊಂಡಿ ಲಗಾಮು ಸಡಿಲಿಸಿ ಹೊಂಡದತ್ತ ನೋಡಿದಳು. ಎರಡು ವರ್ಷದ ಹಿಂದೆ ಆ ಗಂಡು ಕುದುರೆ ತನ್ನ ಮೇಲೆ ಉರುಳಿದ್ದು ಒಂದು ನೀರಿನ ಹೊಂಡದ ಪಕ್ಕದಲ್ಲೇ. ಅದು ಅವಳಿಗೆ ಗೊತ್ತಿತ್ತು. ಆದರೆ ಕುತ್ತಿಗೆಗೂ ಅದು ನೆನಪಿದೆಯೆಂದು ಗೊತ್ತಿರಲಿಲ್ಲ.

"ಹಾಗಾದ್ರೆ ಅಲ್ಲಿ ಹೋಗಿ ನಿಂತ್ಕೋ" ಎಂದಳು.

"ಎಲ್ಲಿ?"

"ಆಚೆ ದಡದಲ್ಲಿ. ನಿನ್ನ ಮೂತಿ ನೋಡ್ಕೊಂಡು ಹಾರ್ತೀನಿ."

ಮಗಳು ಬೇಲಿ ದಾಟಿ ಬಂದು ಹೊಂಡದಾಚೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಮುಖದ ತುಂಬ ಸಿಟ್ಟು. ಮೊಂಡಿ ಆ ಸಿಟ್ಟಿನ ಮುಖವನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ ಕುದುರೆ ಬಿಟ್ಟಳು. ಕತ್ತೆ ಹಕ್ಕಿಯಂತೆ ದಾಟಿತು. ಮತ್ತೆ ಬಂದಳು, ಮತ್ತೆ ದಾಟಿತು. ಕುದುರೆಯ ಬೆವರು ಒರೆಸುವಾಗ ಮೊಂಡಿ ಕೇಳಿದಳು, "ನಾನು ಬೀಳ್ತಿದ್ರೆ ಕುದುರೆ ತಾನಾಗೇ ನಿನ್ನ ಕೈಗೆ ಬರ್ತಿತ್ತು. ಯಾಕೆ ಹೇಳಿಕೊಟ್ಟೆ?"

ಮಗಳು ಬ್ರಷ್ ಎತ್ತಿಕೊಂಡು ಕತ್ತೆಯ ಇನ್ನೊಂದು ಮಗ್ಗುಲಿಗೆ ಹೋದಳು. "ನಿನ್ನನ್ನ ಸೋಲಿಸೋದಾದ್ರೆ ನೀನು ಚೆನ್ನಾಗಿರುವಾಗ್ಲೇ ಸೋಲಿಸ್ಬೇಕು. ನೀನು ನೀರಲ್ಲಿ ಕೂತಿರುವಾಗ ಗೆದ್ರೆ ಅದೇನು ಗೆಲುವು?"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಇದು ತನ್ನದೇ ಹುಟ್ಟುಗುಣ ಎಂದುಕೊಂಡಳು ಮೊಂಡಿ. ಅಂದು ಊಟದ ಹೊತ್ತಿನಲ್ಲಿ ಇಬ್ಬರೂ ಒಟ್ಟೊಟ್ಟಿಗೆ ಮಾತಾಡಿದ್ದೇ ಮಾತಾಡಿದ್ದು. ಗಂಡನಿಗೆ ಉಪ್ಪು ಕೇಳಲೂ ಸಂದು ಸಿಗಲಿಲ್ಲ.

ಎರಡನೆಯ ಪಂದ್ಯದ ಬಗ್ಗೆ ಹೇಳುವುದು ಹೆಚ್ಚಿಲ್ಲ. ನೀರು ದಾಟಿದಳು. ಆ ಖುಷಿಯಲ್ಲಿ ಮೈಮರೆತು ಕೊನೆಯ ತಡೆಯ ಕೋಲು ಉರುಳಿಸಿದಳು. ನಡುವಿನಲ್ಲೆಲ್ಲೋ ಒಂದು ಸ್ಥಾನ ಬಂತು. ಮೇಷ್ಟ್ರು "ಪರವಾಗಿಲ್ಲ" ಎಂದರು. ಅದು ಹೊಗಳಿಕೆಯೋ ಸಮಾಧಾನವೋ ತಿಳಿಯಲಿಲ್ಲ.

ಮೂರನೆಯದು ಬೇರೆಯೇ ಆಯಿತು. ಮೊದಲ ಸುತ್ತಿನಲ್ಲಿ ಒಂದು ಕೋಲೂ ಬೀಳದಂತೆ ಹಾರಿದವರು ಐವರು, ಅವರಲ್ಲಿ ಮೊಂಡಿಯೂ ಒಬ್ಬಳು. ಹಾಗಾದಾಗ ತಡೆಗಳನ್ನು ಕಡಿಮೆ ಮಾಡಿ, ಎತ್ತರ ಹೆಚ್ಚಿಸಿ, ಗಡಿಯಾರ ಹಿಡಿದು ಮತ್ತೊಮ್ಮೆ ಓಡಿಸುತ್ತಾರೆ. ಕೋಲು ಬೀಳಿಸದೆ ಬೇಗ ಬಂದವರದೇ ಗೆಲುವು. ಉಳಿದವರೆಲ್ಲ ಮೂರನೆಯ ತಡೆಯಾದ ಮೇಲೆ ಹೂಕುಂಡಗಳ ಗುಂಪನ್ನು ಸುತ್ತಿಕೊಂಡು ಹೋದರು. ಕುಂಡಗಳಿಗೂ ಗೋಡೆಗೂ ನಡುವೆ ಒಂದು ಸಂದು ಇತ್ತು. ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು: "ಆ ಸಂದಿಗೆ ಮಾತ್ರ ನುಗ್ಗಬೇಡಿ. ಕತ್ತೆಗೆ ಅಷ್ಟು ಚುರುಕಾಗಿ ತಿರುಗೋಕಾಗಲ್ಲ."

ಮೊಂಡಿ ಗೋಣು ಆಡಿಸಿದ್ದಳು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಆ ಸಂದಿಗೇ ನುಗ್ಗಿದಳು. ಒಂದು ಕುಂಡ ಅವಳ ಬೂಟು ತಾಗಿ ಓಲಾಡಿತು. ಕತ್ತೆ ಹಿಂಗಾಲ ಮೇಲೆ ಬುಗುರಿಯಂತೆ ತಿರುಗಿ, ಮುಂದಿದ್ದ ಎತ್ತರದ ತಡೆಯನ್ನು ನೋಡಿ ಉದ್ದ ಕಿವಿ ಮುಂದೆ ಮಾಡಿತು. ಆ ಕಿವಿ ಮುಂದೆ ಬಂತೆಂದರೆ ಮೊಂಡಿಗೆ ಮತ್ತೇನೂ ಬೇಕಿರಲಿಲ್ಲ. ಕೊನೆಯ ಕೋಲು ದಾಟಿದಾಗ ಇಡೀ ಅಂಗಳ ಎದ್ದು ನಿಂತಿತ್ತು. ಅವಳಿಗಿಂತ ಕೂದಲೆಳೆಯಷ್ಟು ಬೇಗ ಬಂದ ಪರವೂರಿನ ಯುವಕನೊಬ್ಬ ಗೆದ್ದ. ಇವಳು ಎರಡನೆಯವಳು.

"ನಾನು ಬೇಡ ಅಂದಿದ್ನಲ್ಲ" ಎಂದರು ಮೇಷ್ಟ್ರು. ಅನ್ನುವಾಗ ಅವರ ತುಟಿಯ ಮೇಲೆ ಸೀಟಿಯ ರಾಗ ಹೊರಡಲು ಹವಣಿಸುತ್ತಿತ್ತು. "ಕೊನೇ ಪಂದ್ಯಕ್ಕೆ ತಂಡದಲ್ಲಿ ನೀವಿದೀರಿ. ಮಗಳೂ ಇದಾಳೆ."

ಗಂಡ ಅಂದೂ ಬಂದಿದ್ದ. "ಕಣ್ಣು ಬಿಟ್ಟಿದ್ರಾ?" ಎಂದು ಕೇಳಿದಳು. "ಒಂದು ಕಣ್ಣು ಬಿಟ್ಟಿದ್ದೆ, ಅದೂ ಆ ಕುಂಡ ಅಲ್ಲಾಡೋವರೆಗೆ" ಎಂದ.

ಕೊನೆಯ ಪಂದ್ಯ ಹಂಗಾಮಿನಲ್ಲೇ ದೊಡ್ಡದು. ಒಂದೊಂದು ತಂಡದಲ್ಲಿ ನಾಲ್ವರು ಸವಾರರು, ಎರಡು ಸುತ್ತು. ಪ್ರತಿ ಸುತ್ತಿನಲ್ಲಿ ಚೆನ್ನಾಗಿ ಮಾಡಿದ ಮೂವರದ್ದು ಮಾತ್ರ ಲೆಕ್ಕಕ್ಕೆ. ಮೊದಲ ಸುತ್ತು ಮುಗಿದಾಗ ಇವರ ತಂಡ ಎಲ್ಲರಿಗಿಂತ ಮುಂದಿತ್ತು. ಎರಡನೆಯ ಸುತ್ತಿನಲ್ಲಿ ಮಗಳು ಸೋಮಾರಿಯ ಮೇಲೆ, ಜನ್ಮದಲ್ಲೇ ಮೊದಲ ಸಲ ಅಷ್ಟು ದೊಡ್ಡ ಅಂಗಳದಲ್ಲಿ, ಒಂದು ಕೋಲೂ ಬೀಳಿಸದೆ ಬಂದಳು. ತಂಡದ ಇನ್ನೊಬ್ಬ ಸವಾರನೂ ಚೆನ್ನಾಗಿಯೇ ಮುಗಿಸಿದ; ಮತ್ತೊಬ್ಬನ ಕುದುರೆ ಮಾತ್ರ ಅಂದು ಹಟಮಾರಿಯಾಗಿ ಸಾಲುಸಾಲು ಕೋಲು ಉರುಳಿಸಿತು. ಎಲ್ಲರಿಗಿಂತ ಕೊನೆಗೆ ಮೊಂಡಿ. ಅವಳು ಒಂದು ಕೋಲು ಬೀಳಿಸಿದರೂ ಸರಿ, ಸುತ್ತು ಮುಗಿಸಿದರೆ ಸಾಕು, ಚಿನ್ನ ಇವರದೇ.

ಅವಳು ಅಂಗಳಕ್ಕಿಳಿದಳು. ಮೊದಲ ತಡೆ, ಎರಡನೆಯದು, ಜೋಡಿ ತಡೆ, ನೀರಿನ ಹೊಂಡ. ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ. ಹೊಂಡವಾದ ಮೇಲಿನ ತಿರುವಿನಲ್ಲಿ ಅವಳಿಗೆ ಏನೋ ಆದಂತೆ ಅನಿಸಿತು. ಕತ್ತೆಯ ಓಟದ ತಾಳ ತಪ್ಪಿತ್ತು. ಎಡ ಮುಂಗಾಲು ನೆಲ ಮುಟ್ಟುವುದಕ್ಕೆ ಒಂದಿಷ್ಟು ಅಂಜುತ್ತಿತ್ತು. ನೋಡುವವರಿಗೆ ಕಾಣುವಂಥದ್ದಲ್ಲ, ಮೇಲೆ ಕೂತವಳ ಸೊಂಟಕ್ಕೆ ಮಾತ್ರ ತಿಳಿಯುವಂಥದ್ದು. ಆದರೂ ಕುದುರೆ ಕಿವಿ ಮುಂದೆ ಮಾಡಿತ್ತು, ಹಾರುತ್ತೇನೆ ಎನ್ನುತ್ತಿತ್ತು. ಉಳಿದದ್ದು ಮೂರೇ ತಡೆ. ಬದಿಯಲ್ಲಿ ಮೇಷ್ಟ್ರು ಕೈಬೀಸಿ "ಹೋಗಿ, ಹೋಗಿ!" ಎಂದು ಕೂಗುತ್ತಿದ್ದರು.

ಮೊಂಡಿ ಲಗಾಮು ಎಳೆದಳು. ಕುದುರೆಯನ್ನು ನಡಿಗೆಗೆ ತಂದು, ತೀರ್ಪುಗಾರರತ್ತ ತಿರುಗಿ, ಬಲಗೈ ಎತ್ತಿದಳು. ಸಾಕು, ನಾನು ಮುಗಿಸಿದೆ ಎಂಬುದಕ್ಕೆ ಸವಾರರ ಸನ್ನೆ ಅದು. ಅಂಗಳದ ಎಲ್ಲೋ ಒಂದು ಮೂಲೆಯಲ್ಲಿ ಕೂಗಾಟ ಶುರುವಾಗಿ ಎಲ್ಲ ಕಡೆ ಹರಡಿತು. ಅವಳು ಜೀನಿನಿಂದಿಳಿದು ಕತ್ತೆಯ ಪಕ್ಕದಲ್ಲಿ ನಡೆದುಕೊಂಡೇ ಹೊರಬಂದಳು. ಅವಳ ಸುತ್ತು ಬಿಟ್ಟುಹೋದದ್ದರಿಂದ ಸಾಲುಸಾಲು ಕೋಲು ಬೀಳಿಸಿದ ಸವಾರನ ತಪ್ಪಂಕವೂ ಲೆಕ್ಕಕ್ಕೆ ಬಂದು ತಂಡ ಮೂರನೆಯ ಸ್ಥಾನಕ್ಕೆ ಜಾರಿತು.

"ಏನಾಯ್ತು? ಏನಾಯ್ತು ನಿಮಗೆ?" ಮೇಷ್ಟ್ರ ಮುಖ ಕೆಂಪಾಗಿತ್ತು. "ಕುದುರೆ ಚೆನ್ನಾಗೇ ಓಡ್ತಿತ್ತಲ್ರೀ! ನಾಲ್ಕು ಜನರ ವರ್ಷದ ದುಡಿಮೆ ನೀರಲ್ಲಿ ಹಾಕಿದ್ರಿ. ಹೆದರಿದ್ರಾ?"

"ಹೆದರಿದ್ರೆ ಹೆದರಿದೆ ಅಂತಿದ್ದೆ. ಎಡಗಾಲು ನೋಡ್ಸಿ."

ಪಶುವೈದ್ಯೆ ಕಾಲು ಎತ್ತಿ, ಒತ್ತಿ, ಗೊರಸು ತಟ್ಟಿ ನೋಡಿದಳು. ಲಾಳದಡಿ ಒಂದು ಕಡೆ ಬಿಸಿಯಿತ್ತು. "ಕಲ್ಲು ಒತ್ತಿರಬಹುದು. ಒಳಗಿನ ನರ ಎಳೆದಿರಲೂಬಹುದು. ಮೂರು ತಡೆ ಹಾರಿದ್ರೆ ಏನೂ ಆಗದೇ ಇರಬಹುದಿತ್ತು. ಕಾಲೇ ಹೋಗಲೂಬಹುದಿತ್ತು. ಖಚಿತವಾಗಿ ಹೇಳೋಕಾಗಲ್ಲ."

"ಕೇಳಿದ್ರಲ್ಲ, ಏನೂ ಆಗದೇ ಇರಬಹುದಿತ್ತು!" ಎಂದರು ಮೇಷ್ಟ್ರು.

"ಅದರ ಬೆನ್ನ ಮೇಲೆ ಇದ್ದದ್ದು ನಾನು, ನೀವಲ್ಲ" ಎಂದಳು ಮೊಂಡಿ. ಅಷ್ಟೇ ಹೇಳಿ ಬಕೆಟ್ಟಿಗೆ ತಣ್ಣೀರು ತುಂಬಿಸಲು ಹೋದಳು.

ಮಗಳು ಅಲ್ಲೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. "ನನ್ನ ಮೊದಲನೇ ಚಿನ್ನ ಅಮ್ಮ ಅದು" ಎಂದಳು. ದನಿಯಲ್ಲಿ ಕ್ಷಮೆಯ ಸುಳಿವೇ ಇರಲಿಲ್ಲ.

"ಹೌದು."

"ನೀನು ಯಾರ ಮಾತೂ ಕೇಳಲ್ಲ. ಇಳಿ ಅಂದ್ರೆ ಇಳಿಯಲ್ಲ, ಹತ್ತು ಅಂದ್ರೆ ಹತ್ತಲ್ಲ."

"ಕುದುರೆ ಮಾತು ಕೇಳಿದೆ ಕಣೇ. ನಿನಗೆ ಸಿಟ್ಟು ಬಂದಿದ್ರೆ ಬರಲಿ. ನಾಳೆನೂ ಇರಲಿ. ಆದ್ರೆ ನೀನು ಹಾರಿದ ಸುತ್ತು ನಿನ್ನದೇ. ಅದನ್ನ ಯಾರೂ ಮೂರನೇ ಸ್ಥಾನಕ್ಕೆ ಇಳಿಸೋಕಾಗಲ್ಲ."

ಮಗಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅವಳು ಕತ್ತೆಯ ಕಾಲಿಗೆ ತಣ್ಣೀರಿನ ಪಟ್ಟಿ ಕಟ್ಟುತ್ತಿರುವುದು ಮೊಂಡಿಯ ಕಣ್ಣಿಗೆ ಬಿತ್ತು. ತಾಯಿ ನೋಡಿಯೂ ನೋಡದವಳಂತೆ ಹುಲ್ಲಿನ ಕೋಣೆಗೆ ಹೋದಳು. ಟಿಂಬರ್ ಅಜ್ಜಿಯೂ ಬಂದು ಕುದುರೆಯನ್ನು ನೋಡಿಕೊಂಡು ಹೋದಳು. ಗೆಲುವಿನ ಮಾತೇ ಎತ್ತಲಿಲ್ಲ. ಹೊರಡುವಾಗ ಲಾಯವೆಲ್ಲ ಕೇಳುವಂತೆ, "ಕಾಲು ಮುರಿಯೋ ಕೆಲಸ ತಪ್ಪಿಸಿದೆ ನೋಡು" ಎಂದಳು.

ಹಂಗಾಮು ಮುಗಿದ ಮೇಲೆ ಕೆಲಸ ಕಡಿಮೆ. ಕುದುರೆಗಳು ಮೈ ತುಂಬ ರೋಮ ಬೆಳೆಸಿಕೊಂಡು ಹುಲ್ಲು ಮೆಲ್ಲುತ್ತ ನಿಲ್ಲುತ್ತವೆ. ಆ ತಿಂಗಳುಗಳಲ್ಲಿ ಮೊಂಡಿ ಲಾಯದಲ್ಲಿ ಒಬ್ಬಳೇ ಹುಲ್ಲು ಹಾಸುತ್ತ, ಗೊರಸು ಕೆರೆಯುತ್ತ ಹಂಗಾಮನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಳು. ಜನ ಅವಳನ್ನು ಕಂಡಾಗಲೆಲ್ಲ ಮೂರನೆಯ ಪಂದ್ಯದ ಆ ತಿರುವನ್ನು ಹೊಗಳುತ್ತಿದ್ದರು. ಕೊನೆಯ ಪಂದ್ಯದ ವಿಷಯ ಬಂದರೆ ಸಾವಿನ ಮನೆಯಲ್ಲಿ ನಿಂತವರಂತೆ ದನಿ ತಗ್ಗಿಸುತ್ತಿದ್ದರು. ಅವಳ ಲೆಕ್ಕ ತಿರುಗುಮುರುಗು. ಕುಂಡಗಳ ಸಂದಿಗೆ ನುಗ್ಗಿದ್ದು ಧೈರ್ಯವೇನಲ್ಲ, ಕುತೂಹಲ. ಆಗುತ್ತದೋ ಇಲ್ಲವೋ ನೋಡೋಣವೆಂಬ ಹುಡುಗಾಟ. ಹೊಂಡಕ್ಕೆ ಬಿದ್ದದ್ದು ಅವಮಾನವೂ ಅಲ್ಲ. ಬೀಳದಿದ್ದರೆ ಮಗಳು ಬೇಲಿ ದಾಟಿ ಬರುತ್ತಿರಲಿಲ್ಲ. ಇಡೀ ಹಂಗಾಮಿನಲ್ಲಿ ಕಷ್ಟವೆನಿಸಿದ್ದು ಒಂದೇ, ಕೊನೆಯ ಪಂದ್ಯದಲ್ಲಿ ಕೈ ಮೇಲೆತ್ತಿದ್ದು. ಸಾವಿರಾರು ಜನ ಮುಂದೆ ಹೋಗು ಎನ್ನುತ್ತಿರುವಾಗ ನಿಲ್ಲುವುದಕ್ಕೆ ಬೇಕಾದಷ್ಟು ಮೊಂಡುತನ ಅವಳಿಗೆ ಬೇರೆ ಯಾವ ತಡೆಯ ಮುಂದೆಯೂ ಬೇಕಾಗಿರಲಿಲ್ಲ. ಮತ್ತೆ ಅದೇ ಗಳಿಗೆ ಬಂದರೆ ಮತ್ತೆ ಕೈ ಎತ್ತುತ್ತೇನೆ ಎಂದು ಕತ್ತೆಗೆ ಹೇಳಿದಳು. ಕತ್ತೆ ಅವಳ ಜೇಬಿನಲ್ಲಿ ಕ್ಯಾರೆಟ್ ಹುಡುಕುತ್ತಿತ್ತು.

ಆ ದಿನಗಳಲ್ಲೇ ಸವಾರರ ಸಂಘದವರು ಒಂದು ಸಂಜೆ ಸನ್ಮಾನವಿದೆ ಬನ್ನಿ ಎಂದು ಕರೆದರು. ಮನೆಯ ಮೂವರೂ ಹೋದರು. ಸಭಾಂಗಣದ ಬಾಗಿಲಲ್ಲಿ ಹೂವು, ಒಳಗೆ ಮೆತ್ತನೆಯ ಕುರ್ಚಿಗಳು, ವೇದಿಕೆಯ ಹಿಂದೆ ಅವಳದೇ ದೊಡ್ಡ ಚಿತ್ರ. ಚಿತ್ರದ ಕೆಳಗಿನ ಅಕ್ಷರ ಓದಿದ ಗಂಡ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ: ಬೀಳ್ಕೊಡುಗೆ ಸಮಾರಂಭ.

"ನೀನು ಹೇಳಿದ್ಯಾ, ಬಿಡ್ತೀನಿ ಅಂತ?" ಎಂದು ಪಿಸುಗುಟ್ಟಿದ.

"ಯಾರಿಗೂ ಹೇಳಿಲ್ಲ."

ಸಂಘದ ಅಧ್ಯಕ್ಷರು ಒಳ್ಳೆಯ ಮಾತುಗಾರರು. ಮೊಂಡಿಯ ಸಾಧನೆಯನ್ನು ಬಾಯ್ತುಂಬ ಹೊಗಳಿದರು. ಕೊನೆಯ ಪಂದ್ಯದಲ್ಲಿ "ದೇಹ ಸಹಕರಿಸದೆ" ಹಿಂದೆ ಸರಿದದ್ದನ್ನು ತುಂಬ ಮೃದುವಾಗಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಹೇಳಿದರು. "ಈಗ ಅವರು ಕಿರಿಯರಿಗೆ, ಸ್ವಂತ ಮಗಳಿಗೇ ದಾರಿ ಬಿಟ್ಟುಕೊಡ್ತಿದ್ದಾರೆ. ತಾಯಿ ಹೃದಯ ಅಂದ್ರೆ ಇದು!" ಚಪ್ಪಾಳೆ ಬಿತ್ತು. ಅವಳ ಹೆಸರು ಕೆತ್ತಿದ ಹಿತ್ತಾಳೆಯ ಫಲಕವೊಂದನ್ನು ಕೈಗಿತ್ತರು.

ಮೊಂಡಿ ಮೈಕಿನ ಮುಂದೆ ನಿಂತಳು. ಭಾಷಣ ಅವಳಿಗೆ ಬರುತ್ತಿರಲಿಲ್ಲ. ಕುದುರೆಗೆ ಹೇಳುವಂತೆ ಹೇಳಿದಳು.

"ಹಾರ ಹಾಕೋವಾಗ ಬೇಡ ಅನ್ನಬಾರದಂತೆ. ಆದ್ರೆ ಒಂದು ತಪ್ಪಾಗಿದೆ. ಆವತ್ತು ಸಹಕರಿಸದೆ ಇದ್ದದ್ದು ನನ್ನ ದೇಹ ಅಲ್ಲ, ಕುದುರೆ ಕಾಲು. ನಾನು ನಿಂತೆ, ಅದು ಉಳೀತು. ಇನ್ನೊಂದು ವಿಷಯ. ನಾನು ಯಾರಿಗೂ ದಾರಿ ಬಿಟ್ಟುಕೊಟ್ಟಿಲ್ಲ. ನನ್ನ ಮಗಳಿಗೆ ಅದು ಬೇಕಾಗೂ ಇಲ್ಲ. ದಾರಿ ಅಗಲವಾಗೇ ಇದೆ. ಹಾರೋರು ಹಾರಲಿ, ಬೀಳೋರು ಬೀಳಲಿ. ಈ ಫಲಕ ನಿಮ್ಮ ಹತ್ರಾನೇ ಇರಲಿ, ನಾನು ನಿಜವಾಗ್ಲೂ ಬಿಟ್ಟ ದಿನ ಬಂದು ತಗೋತೀನಿ. ಧೂಳು ಒರೆಸ್ತಾ ಇರಿ."

ಫಲಕವನ್ನು ಅಧ್ಯಕ್ಷರ ಕೈಯಲ್ಲಿಟ್ಟು ಕೆಳಗಿಳಿದಳು. ಸಭೆ ಮಿಕಮಿಕ ನೋಡಿತು. ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಬಂತು, ನಿಧಾನವಾಗಿ, ಗಟ್ಟಿಯಾಗಿ. ಅದು ಮಗಳದು. ಆಮೇಲೆ, ಯಾರೂ ಊಹಿಸಿರದಿದ್ದರೂ, ಸೀಟಿ ಮೇಷ್ಟ್ರು ಬಾಯಿಗೆ ಬೆರಳಿಟ್ಟು ಒಂದು ಸೀಟಿ ಹೊಡೆದರು. ಹೊಡೆದದ್ದಕ್ಕೆ ಅವರೇ ನಾಚಿ ಕೂತರು.

ಹಾಗೆಂದು ಎಲ್ಲವೂ ಸುಸೂತ್ರವಾಯಿತೆಂದಲ್ಲ. ಮುಂದಿನ ಹಂಗಾಮಿನ ತಂಡದಲ್ಲಿ ಮೊಂಡಿಯ ಹೆಸರಿರಲಿಲ್ಲ, ಮಗಳದಿತ್ತು. "ನನ್ನ ಕೈಯಲ್ಲಿಲ್ಲ" ಎಂದರು ಮೇಷ್ಟ್ರು. ಅದು ನಿಜವಿದ್ದರೂ ಇರಬಹುದು. ಮೊಂಡಿ ಟಿಂಬರ್ ಅಜ್ಜಿಯ ಮರದ ಅಡ್ಡೆಗೆ ಹೋದಳು. ಸಂಘ ಬೇಡವೆಂದರೆ ಒಂಟಿಯಾಗಿ, ಒಡತಿಯ ಹೆಸರಿನಲ್ಲೇ ಪಂದ್ಯಕ್ಕೆ ಇಳಿಯಲು ಅವಕಾಶವಿದೆ. "ಇಳಿ" ಎಂದಳು ಅಜ್ಜಿ. "ನಾನು ಇನ್ನೂ ಸತ್ತಿಲ್ಲ, ನೀನು ಯಾಕೆ ಬಿಡ್ತೀಯಾ?" ಕತ್ತೆಯ ಕಾಲು ಚಳಿ ಕಳೆಯುವಷ್ಟರಲ್ಲಿ ವಾಸಿಯಾಗಿತ್ತು. ಪಶುವೈದ್ಯೆ ಎರಡು ಸಲ ಓಡಿಸಿ ನೋಡಿ ತಲೆದೂಗಿದ್ದಳು.

ಹೊಸ ಹಂಗಾಮಿನ ಮೊದಲ ಪಂದ್ಯ ಚಿಕ್ಕದು, ಬೆಂಚುಗಳೂ ತುಂಬಿರಲಿಲ್ಲ. ಪಂದ್ಯಕ್ಕೆ ಮುಂಚೆ ಸವಾರರೆಲ್ಲ ಅಂಗಳಕ್ಕಿಳಿದು ಒಂದು ತಡೆಯಿಂದ ಇನ್ನೊಂದಕ್ಕೆ ನಡೆದು ನೋಡುತ್ತಾರೆ, ನಡುವೆ ಕುದುರೆಗೆ ಎಷ್ಟು ನೆಗೆತ, ಅಂದರೆ ಓಟದ ಹೆಜ್ಜೆ, ಬೇಕೆಂದು ಅಳೆಯುತ್ತಾರೆ. ಮಗಳು ತಂಡದ ಕೋಟು ತೊಟ್ಟಿದ್ದಳು. ಮೊಂಡಿ ತನ್ನ ಹಳೆಯ ಕರಿ ಕೋಟಿನಲ್ಲಿದ್ದಳು. ಇಬ್ಬರೂ ಬೇರೆ ಬೇರೆ ಬಾಗಿಲಿಂದ ಬಂದು ಐದನೆಯ ತಡೆಯ ಹತ್ತಿರ ಎದುರಾದರು.

"ಇಲ್ಲಿಂದ ಆ ಗೋಡೆಗೆ ಆರು ನೆಗೆತ" ಎಂದಳು ಮಗಳು, ಕೇಳದೆಯೇ.

"ಸೋಮಾರಿಗೆ ಆರು. ಕತ್ತೆಗೆ ಐದು."

"ಐದರಲ್ಲಿ ಹೋದ್ರೆ ಕೋಲು ಬೀಳುತ್ತೆ ಅಮ್ಮ."

"ಬಿದ್ರೆ ನೀನು ಗೆಲ್ತೀಯ, ನಿಂಗೇನು ಕಷ್ಟ?"

"ನಂಗೇನೂ ಕಷ್ಟ ಇಲ್ಲ" ಎಂದು ಮಗಳು ಎರಡು ಹೆಜ್ಜೆ ಹೋದಳು, ತಡೆಯಲಾರದೆ ತಿರುಗಿದಳು. "ಐದೂವರೆ ಇದೆ. ಇನ್ನೊಂದ್ಸಲ ನಡೆದು ನೋಡು."

ಇಬ್ಬರೂ ಮೊದಲಿನಿಂದ ನಡೆದರು, ಉದ್ದುದ್ದ ಹೆಜ್ಜೆ ಹಾಕುತ್ತ, ಪಕ್ಕಪಕ್ಕದಲ್ಲಿ, ಜೋರಾಗಿ ಎಣಿಸುತ್ತ, ಎಣಿಕೆ ತಪ್ಪಿದಾಗ ಒಬ್ಬರನ್ನೊಬ್ಬರು ಬೈಯುತ್ತ. ಅಂಗಳ ಖಾಲಿ ಮಾಡಿ ಎಂದು ಗಂಟೆ ಬಾರಿಸಿದರೂ ಇಬ್ಬರಿಗೂ ಕೇಳಿಸಲಿಲ್ಲ.